ಮೋಟಾರು ಗಾಡಿಯ ಎಣ್ಣೆ: ಆಯ್ಕೆಯೂ ಬದಲಾವಣೆಯೂ

ನಮ್ಮ ಹಳ್ಳಿಗಳಲ್ಲಿ ಬಂಡಿ ಹೂಡುವ ಮುನ್ನ ಅಚ್ಚಿಗೆ ಕೀಲೆಣ್ಣೆ ಸವರುವುದು ವಾಡಿಕೆಯಾಗಿತ್ತು. ಎಣ್ಣೆ ಕಾಣದ ಬಂಡಿ ಊರೆಲ್ಲ ಕೇಳುವಂತೆ ಕಿರುಗುಟ್ಟುತ್ತಿತ್ತು. ಇಂದು ದೆಹಲಿ, ಗುರುಗ್ರಾಮ, ನೋಯ್ಡಾಗಳಲ್ಲಿ ನೆಲಸಿರುವ ಕನ್ನಡ ಕುಟುಂಬಗಳಲ್ಲಿ ಅನೇಕರು ಕಾರು ಇಟ್ಟುಕೊಂಡಿದ್ದಾರೆ. ವಾಹನ ಬದಲಾಯಿತು, ಎಣ್ಣೆಯ ಅವಶ್ಯಕತೆ ಬದಲಾಗಲಿಲ್ಲ. ಬಂಡಿಯಾದರೋ ತನ್ನ ಸಂಕಟವನ್ನು ಕೂಗಿ ಹೇಳುತ್ತಿತ್ತು; ಕಾರು ಬಹುಕಾಲ ಮೌನವಾಗಿದ್ದು ಒಮ್ಮೆಲೇ ಕೈಕೊಡುತ್ತದೆ. ಆದಕಾರಣ ಈ ವಿಷಯವನ್ನು ನಮ್ಮ ವಿದ್ಯಾರ್ಥಿಗಳೂ ಅವರ ತಂದೆತಾಯಿಗಳೂ ತಿಳಿದಿರುವುದು ಒಳಿತೆಂದು ಭಾವಿಸಿ ಇಲ್ಲಿ ನಾಲ್ಕು ಮಾತು ಬರೆಯುತ್ತೇವೆ.

ಇಂಜಿನಿನೊಳಗೆ ಲೋಹದ ಭಾಗಗಳು ನಿಮಿಷಕ್ಕೆ ಸಾವಿರಾರು ಬಾರಿ ತಿರುಗುತ್ತವೆ. ಅವು ಒಂದನ್ನೊಂದು ಉಜ್ಜದಂತೆ ನಡುವೆ ತೆಳುವಾದ ಪೊರೆಯಾಗಿ ನಿಲ್ಲುವುದು ಎಣ್ಣೆಯ ಮೊದಲ ಕೆಲಸ. ಶಾಖವನ್ನು ಹೊತ್ತೊಯ್ಯುವುದು, ಮಸಿಯನ್ನು ತೊಳೆದು ತನ್ನಲ್ಲಿ ಇರಿಸಿಕೊಳ್ಳುವುದು, ತುಕ್ಕನ್ನು ತಡೆಯುವುದು ಅದರ ಉಳಿದ ಕೆಲಸಗಳು. ಹಿಂದೆ ಹರಳೆಣ್ಣೆಯೂ ಇದಕ್ಕೆ ಬಳಕೆಯಲ್ಲಿತ್ತು. 1909ರಲ್ಲಿ ಇಂಗ್ಲೆಂಡಿನ ಸಂಸ್ಥೆಯೊಂದು ಹರಳೆಣ್ಣೆ ಬೆರೆಸಿದ ತನ್ನ ಎಣ್ಣೆಗೆ ಇಟ್ಟ ‘ಕ್ಯಾಸ್ಟ್ರಾಲ್’ ಎಂಬ ಹೆಸರು ಹರಳಿನ ಇಂಗ್ಲಿಷ್ ಹೆಸರಿನಿಂದಲೇ ಹುಟ್ಟಿದುದು.

ಡಬ್ಬಿಯ ಮೇಲೆ ‘5ಡಬ್ಲ್ಯು-30’ ಎಂಬಂಥ ಅಂಕಿಗಳಿರುತ್ತವೆ. ‘ಡಬ್ಲ್ಯು’ ಎಂದರೆ ಚಳಿಗಾಲ. ಅದರ ಹಿಂದಿನ ಅಂಕಿ ಚಳಿಯಲ್ಲಿ ಎಣ್ಣೆ ಎಷ್ಟು ಸುಲಭವಾಗಿ ಹರಿಯುವುದೆಂಬುದನ್ನೂ, ಮುಂದಿನ ಅಂಕಿ ನೂರು ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಅದರ ಗಟ್ಟಿತನವನ್ನೂ ಸೂಚಿಸುತ್ತದೆ. ಅಂಕಿ ಕಡಿಮೆಯಾದಷ್ಟೂ ಎಣ್ಣೆ ತೆಳು. ದೆಹಲಿಯ ಬಿಸಿಲು 45 ಡಿಗ್ರಿಗೆ ಏರುವುದರಿಂದ ಮಂದವಾದ ಎಣ್ಣೆಯೇ ಲೇಸೆಂದು ಹಲವರು ಹೇಳುವುದುಂಟು. ಇದು ಸರಿಯಲ್ಲ. ಇತ್ತೀಚಿನ ಅನೇಕ ಪೆಟ್ರೋಲ್ ಕಾರುಗಳನ್ನು 0ಡಬ್ಲ್ಯು-20ರಂಥ ತೆಳು ಎಣ್ಣೆಗೆಂದೇ ರೂಪಿಸಿದ್ದಾರೆ. ಅವುಗಳ ಕಿರಿದಾದ ಸಂದುಗಳಲ್ಲಿ ಮಂದ ಎಣ್ಣೆ ತಡವಾಗಿ ಹರಿಯುತ್ತದೆ, ಇಂಧನವನ್ನೂ ಹೆಚ್ಚು ತಿನ್ನುತ್ತದೆ.

ಅಂಕಿಯಂತೆಯೇ ಅಕ್ಷರವೂ ಮುಖ್ಯ. ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯ ವರ್ಗೀಕರಣದಲ್ಲಿ ಪೆಟ್ರೋಲ್ ಇಂಜಿನಿನ ಎಣ್ಣೆಗೆ ‘ಎಸ್’, ಡೀಸೆಲ್ ಇಂಜಿನಿನದಕ್ಕೆ ‘ಸಿ’ ಮೊದಲ ಅಕ್ಷರ. 2020ರಲ್ಲಿ ಬಂದ ‘ಎಸ್‌ಪಿ’ ಅದಕ್ಕೂ ಹಿಂದಿನ ‘ಎಸ್‌ಎನ್’ಗಿಂತ ಮೇಲಿನದು. ಹೊಗೆಯ ಮಸಿಯನ್ನು ಹಿಡಿಯುವ ಜಾಲರಿಯುಳ್ಳ ಬಿ.ಎಸ್.-6 ಡೀಸೆಲ್ ಕಾರುಗಳಿಗೆ ಬೂದಿ ಕಡಿಮೆ ಬಿಡುವ ಎಣ್ಣೆ ಬೇಕು. ಇಲ್ಲವಾದರೆ ಆ ಜಾಲರಿ ಕಟ್ಟಿಕೊಳ್ಳುತ್ತದೆ. ಇವೆಲ್ಲವನ್ನೂ ಕಂಠಪಾಠ ಮಾಡಬೇಕಾಗಿಲ್ಲ. ಕಾರಿನೊಡನೆ ಬಂದ ಕೈಪಿಡಿಯಲ್ಲಿ ಎಣ್ಣೆಯ ಅಂಕಿ, ಅಕ್ಷರ, ಪ್ರಮಾಣ ಮೂರೂ ಅಚ್ಚಾಗಿರುತ್ತವೆ. ಅಂಗಡಿಯವನ ಮಾತಿಗಿಂತ ಕೈಪಿಡಿಯ ಮಾತೇ ಪ್ರಮಾಣ.

ಎಣ್ಣೆಯನ್ನು ಯಾವಾಗ ಬದಲಿಸಬೇಕು? ಹಲವು ಕಾರುಗಳಿಗೆ ಹತ್ತು ಸಾವಿರ ಕಿಲೋಮೀಟರು ಅಥವಾ ಒಂದು ವರ್ಷ, ಇವುಗಳಲ್ಲಿ ಯಾವುದು ಮೊದಲೋ ಅದು. ‘ನಾವು ಓಡಿಸಿದ್ದೇ ಕಡಿಮೆ’ ಎಂದು ವರ್ಷದ ಮಿತಿಯನ್ನು ಮರೆಯಬಾರದು. ಆಶ್ರಮ ಚೌಕದಲ್ಲೋ ಧೌಲಾ ಕುವಾದಲ್ಲೋ ಗಾಡಿಗಳ ಸಾಲಿನಲ್ಲಿ ನಿಂತಾಗ ಕಿಲೋಮೀಟರು ಏರುವುದಿಲ್ಲ, ಇಂಜಿನು ಮಾತ್ರ ದುಡಿಯುತ್ತಲೇ ಇರುತ್ತದೆ. ಸಣ್ಣ ಸಣ್ಣ ಓಡಾಟಗಳಲ್ಲಿ ಇಂಜಿನು ಪೂರ್ತಿ ಕಾಯದೆ ತೇವವೂ ಎಣ್ಣೆಯಲ್ಲಿ ಉಳಿಯುತ್ತದೆ. ಎಣ್ಣೆ ಕಪ್ಪಾದುದಷ್ಟೇ ಕೆಟ್ಟುದರ ಗುರುತಲ್ಲ. ಮಸಿಯನ್ನು ತೊಳೆಯುವ ಎಣ್ಣೆ ಕಪ್ಪಾಗುವುದು ಸಹಜ.

ಇನ್ನು ಯಾರಿಂದ ಮಾಡಿಸಬೇಕೆಂಬ ಪ್ರಶ್ನೆ. ಕೆಲವು ವರ್ಷಗಳ ಹಿಂದೆ ನಮ್ಮ ವಿದ್ಯಾರ್ಥಿಯೊಬ್ಬನ ತಂದೆ ಟ್ಯಾಕ್ಸಿ ಓಡಿಸಿ ಸಂಸಾರ ಸಾಗಿಸುತ್ತಿದ್ದರು. ಅಗ್ಗವೆಂದು ರಸ್ತೆಬದಿಯ ಒಂದು ಕಡೆ ಎಣ್ಣೆ ಬದಲಿಸುತ್ತಿದ್ದರು, ರಸೀದಿ ಕೇಳುತ್ತಿರಲಿಲ್ಲ. ಒಂದು ದಿನ ಇಂಜಿನು ಬಿಗಿದು ನಿಂತಿತು. ಬಿಚ್ಚಿ ನೋಡಿದಾಗ ಎಣ್ಣೆ ರಾಡಿಯಾಗಿತ್ತು. ಶೋಧಕವನ್ನು ಬಹುಕಾಲದಿಂದ ಬದಲಿಸಿಯೇ ಇರಲಿಲ್ಲ. ಲೆಕ್ಕ ಕೇಳಲು ಅವರ ಕೈಯಲ್ಲಿ ಒಂದು ಚೀಟಿಯೂ ಇರಲಿಲ್ಲ. ಸಾಲದ ಕಂತು ನಿಲ್ಲಲಿಲ್ಲ, ದುಡಿಮೆ ನಿಂತಿತು. ಹುಡುಗನು ಶಾಲೆ ಬಿಡುವ ಮಾತನ್ನಾಡಿದಾಗ ಬಂಧುಗಳು ಕೂಡಿ ನೆರವಾದರು. ಕೆಲವು ನೂರು ರೂಪಾಯಿಗಳ ಉಳಿತಾಯಕ್ಕೆ ತೆತ್ತ ಬೆಲೆ ಇಷ್ಟು.

ವಾರಂಟಿಯ ಅವಧಿಯಲ್ಲಿ ತಯಾರಕರ ಅಧಿಕೃತ ಕಾರ್ಯಾಗಾರವೇ ಕ್ಷೇಮ. ಅದು ಮುಗಿದ ಮೇಲೆ ಪರಿಚಿತನಾದ ಒಳ್ಳೆಯ ಮೆಕ್ಯಾನಿಕ್ ಸಾಕು. ಸಣ್ಣ ಅಂಗಡಿಯವರೆಲ್ಲ ಮೋಸಗಾರರಲ್ಲ, ದೊಡ್ಡ ಅಂಗಡಿಯವರೆಲ್ಲ ಸಾಚಾಗಳೂ ಅಲ್ಲ. ಕಶ್ಮೀರಿ ಗೇಟಿನಂಥ ದೊಡ್ಡ ಬಿಡಿಭಾಗಗಳ ಪೇಟೆಯಲ್ಲಾಗಲಿ, ಪೆಟ್ರೋಲ್ ಬಂಕಿನಲ್ಲಾಗಲಿ ಮೊಹರು ಒಡೆಯದ ಡಬ್ಬಿಯನ್ನೇ ರಸೀದಿಯೊಡನೆ ಕೊಳ್ಳಬೇಕು. ಕಾರನ್ನು ಸಮನೆಲದಲ್ಲಿ ನಿಲ್ಲಿಸಿ, ಹಳೆಯ ಎಣ್ಣೆಯನ್ನು ಪೂರ್ತಿ ಇಳಿಸಿ, ಶೋಧಕವನ್ನು ಬದಲಿಸಿ, ಡಬ್ಬಿಯನ್ನು ನಮ್ಮ ಕಣ್ಣೆದುರಿಗೇ ತೆರೆದು ಸುರಿಯಬೇಕು. ಅಳತೆಯ ಕಡ್ಡಿಯಲ್ಲಿ ಎಣ್ಣೆ ಎರಡು ಗುರುತುಗಳ ನಡುವೆ ಇರಬೇಕು. ಹೆಚ್ಚಾದರೆ ನೊರೆಗಟ್ಟಿ ಅದೂ ಕೇಡೇ. ಖಾಲಿ ಡಬ್ಬಿಗೆ ತೂತು ಹೊಡೆಸಿದರೆ ನಕಲಿ ಎಣ್ಣೆ ತುಂಬುವವರಿಗೆ ಅದು ದಕ್ಕುವುದಿಲ್ಲ. ಮೋಸವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915 ಸಂಖ್ಯೆಗೆ ದೂರು ಕೊಡಬಹುದು; ಆಗ ರಸೀದಿಯೇ ಸಾಕ್ಷಿ.

ಇಳಿಸಿದ ಎಣ್ಣೆ ಎಲ್ಲಿಗೆ ಹೋಗುವುದೆಂದು ಕೇಳುವುದೂ ನಮ್ಮ ಕರ್ತವ್ಯ. 2016ರ ನಿಯಮಗಳು ಬಳಸಿದ ಎಣ್ಣೆಯನ್ನು ಅಪಾಯಕಾರಿ ತ್ಯಾಜ್ಯವೆಂದು ಗಣಿಸಿವೆ. ಅದು ಅನುಮತಿ ಪಡೆದ ಪುನಃಶುದ್ಧಿಕಾರರಿಗೆ ಸೇರತಕ್ಕದ್ದು. ಚರಂಡಿಗೆ ಸುರಿದರೆ ಅದು ನಜಫ್‌ಗಢದ ನಾಲೆಯಂಥ ಹಾದಿಗಳಲ್ಲಿ ಹರಿದು ಯಮುನೆಯನ್ನು ಸೇರುತ್ತದೆ. ಬರಿಗೈಯಲ್ಲಿ ಅದನ್ನು ಮುಟ್ಟುವ ಕೆಲಸಗಾರರ ಚರ್ಮಕ್ಕೂ ಅದು ಹಾನಿಕರ. ಕೈಚೀಲ ತೊಟ್ಟು ದುಡಿಯುವ, ಹಳೆಯ ಎಣ್ಣೆಯನ್ನು ಪೀಪಾಯಿಯಲ್ಲಿ ಕೂಡಿಡುವ ಕಾರ್ಯಾಗಾರವನ್ನು ಕಂಡರೆ ಅಲ್ಲಿನ ಕೆಲಸವೂ ಅಚ್ಚುಕಟ್ಟೆಂದು ಬಹುಮಟ್ಟಿಗೆ ನಂಬಬಹುದು.

ವಿದ್ಯಾರ್ಥಿಗಳೇ, ನಿಮ್ಮ ಮನೆಯಲ್ಲಿ ಕಾರಿದ್ದರೆ ಈ ಭಾನುವಾರ ಅದರ ಕೈಪಿಡಿಯನ್ನು ತೆಗೆದು, ಎಣ್ಣೆಯ ಪುಟವನ್ನು ಓದಿ, ತಂದೆತಾಯಿಗಳಿಗೆ ಕನ್ನಡದಲ್ಲಿ ಬಿಡಿಸಿ ಹೇಳಿರಿ. ಕಳೆದ ಬಾರಿ ಎಣ್ಣೆ ಬದಲಿಸಿದ ದಿನಾಂಕವನ್ನೂ ಕಿಲೋಮೀಟರನ್ನೂ ಒಂದು ಹಾಳೆಯಲ್ಲಿ ಬರೆದು ಕಾರಿನಲ್ಲಿಡಿರಿ. ತರಗತಿಯಲ್ಲಿ ಕಲಿತ ಓದುಬರಹ ಮನೆಯ ಗಳಿಕೆಯನ್ನು ಕಾಪಾಡುವುದಾದರೆ, ಕಲಿಸಿದ ನಮಗೂ ಅದಕ್ಕಿಂತ ಹೆಚ್ಚಿನ ಸಂತೋಷ ಬೇರೊಂದಿಲ್ಲ.