ಚಿತ್ತೆಯ ಜೊತೆಗಾರ

ಚಿತ್ತಾ ಮಳೆಯ ಹೆಸರು ಕೇಳದ ಕನ್ನಡಿಗರು ವಿರಳ. ಅಕ್ಟೋಬರ್ ತಿಂಗಳ ನಡುವೆ ಸೂರ್ಯನು ಚಿತ್ರಾ ನಕ್ಷತ್ರದಲ್ಲಿರುವಾಗ ಬರುವ ಮಳೆ ಅದು. ವಿನೋದವೆಂದರೆ, ಆ ದಿನಗಳಲ್ಲಿ ಚಿತ್ತೆಯನ್ನು ಕಾಣುವುದೇ ಅಸಾಧ್ಯ. ಅದು ಸೂರ್ಯನ ಪ್ರಭೆಯಲ್ಲಿ ಮುಳುಗಿರುತ್ತದೆ. ಪಂಚಾಂಗದಲ್ಲಿ ಅದರ ಹೆಸರನ್ನು ಓದುತ್ತಲೇ ಬಂದಿರುವ ನಮ್ಮಲ್ಲಿ ಆಕಾಶದಲ್ಲಿ ಅದನ್ನು ಗುರುತಿಸಬಲ್ಲವರು ಎಷ್ಟು ಮಂದಿ?

ಚಿತ್ತೆಯನ್ನು ನೋಡಲು ತಕ್ಕ ಕಾಲ ಚೈತ್ರಮಾಸ. ಆ ಮಾಸಕ್ಕೆ ಹೆಸರು ಬಂದದ್ದೂ ಅದರಿಂದಲೇ. ಚೈತ್ರದ ಹುಣ್ಣಿಮೆಯಂದು ಚಂದ್ರನು ಇದರ ಸಮೀಪದಲ್ಲಿರುತ್ತಾನೆ. ಏಪ್ರಿಲ್ ನಡುವೆ ರಾತ್ರಿ ಒಂಬತ್ತರ ಸುಮಾರಿಗೆ ಮೈಸೂರಿನ ಯಾವ ತಾರಸಿಯನ್ನಾದರೂ ಏರಿ, ಸಪ್ತರ್ಷಿ ಮಂಡಲದ ಬಾಲದ ಬಾಗನ್ನು ಹಾಗೆಯೇ ಮುಂದಕ್ಕೆಳೆಯಿರಿ. ಮೊದಲು ಹೊಂಬಣ್ಣದ ಸ್ವಾತಿ ಸಿಗುತ್ತದೆ. ಇನ್ನೂ ಮುಂದೆ, ಆಗ್ನೇಯದ ಕಡೆಗೆ, ನೀಲಿ ಬೆರೆತ ಬಿಳುಪಿನ ಚಿತ್ತೆ. ಮುತ್ತನ್ನು ಇದರ ಲಾಂಛನವನ್ನಾಗಿ ಮಾಡಿದ ಹಿರಿಯರ ಕಣ್ಣು ಸೂಕ್ಷ್ಮವಾದದ್ದೇ ಸರಿ.

ಆದರೆ ಆ ಮುತ್ತು ಒಂದಲ್ಲ, ಎರಡು. ದೂರದರ್ಶಕದಲ್ಲಿ ನೋಡಿದರೂ ಅವು ಬೇರೆಬೇರೆಯಾಗಿ ತೋರುವುದಿಲ್ಲ. ೧೮೯೦ರಲ್ಲಿ ಜರ್ಮನಿಯ ಪಾಟ್ಸ್‌ಡಾಮ್‌ನಲ್ಲಿ ಹರ್ಮನ್ ಫೋಗೆಲ್ ಎಂಬ ವಿಜ್ಞಾನಿ ಇದರ ಬೆಳಕನ್ನು ರೋಹಿತವಾಗಿ ಬಿಡಿಸಿ ನೋಡಿದನು. ಅದರೊಳಗಿನ ಕಪ್ಪು ಗೆರೆಗಳು ಒಮ್ಮೆ ನೀಲಿಯ ಕಡೆಗೂ ಒಮ್ಮೆ ಕೆಂಪಿನ ಕಡೆಗೂ ಸರಿಯುತ್ತಿದ್ದವು. ಹತ್ತಿರ ಬರುವ ರೈಲಿನ ಸಿಳ್ಳು ತೀಕ್ಷ್ಣವಾಗಿ, ದೂರ ಸರಿಯುವಾಗ ತಗ್ಗಿ ಕೇಳುವುದಿಲ್ಲವೆ? ಇದೂ ಹಾಗೆಯೇ. ಕಣ್ಣಿಗೆ ಕಾಣದ ಸಂಗಾತಿಯೊಡನೆ ಚಿತ್ತೆ ಸುತ್ತುತ್ತಿದೆಯೆಂಬುದಕ್ಕೆ ಅದೇ ಸಾಕ್ಷಿಯಾಯಿತು.

ಒಂದು ಸುತ್ತಿಗೆ ಹಿಡಿಯುವ ಕಾಲ ಕೇವಲ ನಾಲ್ಕು ದಿನ! ನಮ್ಮ ಬುಧಗ್ರಹಕ್ಕೆ ಸೂರ್ಯನನ್ನು ಸುತ್ತಲು ೮೮ ದಿನ ಬೇಕು. ಇವೆರಡರ ನಡುವಣ ದೂರ ಸುಮಾರು ಎರಡು ಕೋಟಿ ಕಿಲೋಮೀಟರು. ನಕ್ಷತ್ರಗಳ ಲೆಕ್ಕದಲ್ಲಿ ಮೈಗೆ ಮೈ ತಾಗಿದಂತೆ. ಪರಸ್ಪರ ಸೆಳೆತದಿಂದ ಎರಡೂ ಮೊಟ್ಟೆಯಾಕಾರಕ್ಕೆ ಜಗ್ಗಿವೆ. ಹಿರಿಯದು ಸೂರ್ಯನ ಹತ್ತು ಪಟ್ಟಿಗೂ ಹೆಚ್ಚು ತೂಕದ್ದು. ಮೇಲ್ಮೈಯ ಶಾಖ ೨೦,೦೦೦ ಡಿಗ್ರಿಯನ್ನು ಮೀರಿದೆ. ನೀಲಿಯ ಛಾಯೆ ಬಂದದ್ದು ಆ ಶಾಖದಿಂದ. ಯೌವನ ಕಳೆದು ಉಬ್ಬತೊಡಗಿದ ಇಂಥ ನಕ್ಷತ್ರಕ್ಕೆ ಉಪದೈತ್ಯವೆಂದು ಹೆಸರು. ಚಿತ್ತೆಯನ್ನು ಉಪದೈತ್ಯಕ್ಕೂ ದೈತ್ಯಕ್ಕೂ ನಡುವೆ ಇರಿಸುತ್ತಾರೆ.

ಈ ಜೋಡಿಯ ಮೇಲೆ ನಮ್ಮ ಪಂಚಾಂಗವೇ ನಿಂತಿದೆಯೆಂದರೆ ತಪ್ಪಲ್ಲ. ಮೇಘನಾದ ಸಹಾ ಅವರ ಅಧ್ಯಕ್ಷತೆಯ ಪಂಚಾಂಗ ಸುಧಾರಣಾ ಸಮಿತಿ ೧೯೫೫ರಲ್ಲಿ ವರದಿಯನ್ನಿತ್ತಾಗ, ನಕ್ಷತ್ರಗಣನೆಯ ಆರಂಭಬಿಂದುವನ್ನು ಚಿತ್ತೆಗೆ ಸರಿಸುಮಾರು ಎದುರಿನಲ್ಲಿಯೇ ಇರಿಸಿತು.

ಇದು ನಮ್ಮಿಂದ ಸುಮಾರು ೨೫೦ ಜ್ಯೋತಿರ್ವರ್ಷ ದೂರದಲ್ಲಿದೆ. ಇಂದು ನಮ್ಮ ಕಣ್ಣನ್ನು ಸೇರುವ ಬೆಳಕು ಅಲ್ಲಿಂದ ಹೊರಟಾಗ ಮೈಸೂರು ಸೀಮೆಯನ್ನು ಆಳುತ್ತಿದ್ದವನು ಹೈದರಾಲಿ. ಮುಂದೊಂದು ಕಾಲಕ್ಕೆ ಹಿರಿಯ ನಕ್ಷತ್ರ ಮಹಾಸ್ಫೋಟದಲ್ಲಿ ಸಿಡಿದೀತೆಂದು ವಿಜ್ಞಾನಿಗಳು ಊಹಿಸುತ್ತಾರೆ. ಅದಕ್ಕಿನ್ನೂ ಲಕ್ಷಾಂತರ ವರ್ಷಗಳ ಅವಧಿಯಿದೆ. ಬರುವ ಚೈತ್ರಕ್ಕಂತೂ ಭಯವಿಲ್ಲ.