ಅಕ್ಷರ ಕನ್ನಡ, ಅನ್ವಯ ಆಂಗ್ಲ

ಯಾರು ಬೇಕಾದರೂ ಬರೆಯಬಹುದಾದ, ತಿದ್ದಬಹುದಾದ ವಿಶ್ವಕೋಶ ವಿಕಿಪೀಡಿಯ. ಕನ್ನಡದಲ್ಲಿ ಅದು ಆರಂಭವಾದುದು 2003ರಲ್ಲಿ. ಬರೆಯುವ ಸ್ವಯಂಸೇವಕರಿಗೆ ಸಂಭಾವನೆಯಿಲ್ಲ. ಲೇಖನದ ಕೆಳಗೆ ಹೆಸರೂ ಇಲ್ಲ.

2010ರ ಸುಮಾರಿಗೆ ಗೂಗಲ್ ಸಂಸ್ಥೆಯು ಯಂತ್ರದ ನೆರವಿನಿಂದ ಇಂಗ್ಲಿಷ್ ಲೇಖನಗಳನ್ನು ಕನ್ನಡವೇ ಮೊದಲಾದ ಭಾಷೆಗಳಿಗೆ ಅನುವಾದ ಮಾಡಿಸಿತು. ಲೇಖನಗಳ ಸಂಖ್ಯೆಯೇನೋ ಏರಿತು. ಓದಲು ಕುಳಿತವರಿಗೆ ಮಾತ್ರ ಅದು ಕಲ್ಲು ಬೆರೆತ ಅನ್ನ! ಇಂಗ್ಲಿಷ್ ವಾಕ್ಯವು ಕ್ರಿಯಾಪದವನ್ನು ಮೊದಲೇ ಒಪ್ಪಿಸಿ, ಉಳಿದ ವಿವರಗಳನ್ನು ಬಾಲದಂತೆ ಎಳೆದುಕೊಂಡು ಸಾಗುತ್ತದೆ. ಕನ್ನಡದಲ್ಲಾದರೋ ಕ್ರಿಯಾಪದ ಬರುವುದು ಕೊನೆಗೆ; ಮೂರು ಸಾಲಿನ ಆಂಗ್ಲ ವಾಕ್ಯವನ್ನು ಒಂದೇ ವಾಕ್ಯವಾಗಿ ಇಳಿಸಿದರೆ ವಾಚಕರ ಉಸಿರು ಕಟ್ಟೀತು.

ಬಂಗಾಳಿ ವಿಕಿಪೀಡಿಯದವರು ಅಂಥ ಲೇಖನಗಳೇ ಬೇಡವೆಂದರು. ತಮಿಳರು ಮಾತುಕತೆಗೆ ಕುಳಿತರು. ಕನ್ನಡದಲ್ಲಿ ಅವು ಉಳಿದುಕೊಂಡವು. ಅವುಗಳನ್ನು ತಿದ್ದಲು ಕುಳಿತವರು ಒಂದೊಂದು ವಾಕ್ಯವನ್ನೂ ಒಡೆದು ಕಟ್ಟಬೇಕು. ಹೊಸದಾಗಿ ಬರೆಯುವುದೇ ಎಷ್ಟೋ ಸುಲಭ.