ಸಹಿಯಿಲ್ಲದ ಕಾಗದ

ರಾಷ್ಟ್ರಪತಿ ಚುನಾವಣೆಯಲ್ಲಿ ನಮಗಾಗಲಿ ನಿಮಗಾಗಲಿ ಮತವಿಲ್ಲ. ಸಂಸತ್ತಿನ ಹಾಗೂ ವಿಧಾನಸಭೆಗಳ ಚುನಾಯಿತ ಸದಸ್ಯರು ಮಾತ್ರ ಮತ ಹಾಕುತ್ತಾರೆ, ಅದೂ ಗುಪ್ತವಾಗಿ. ಹೀಗಿದ್ದರೂ 1969ರ ಆಗಸ್ಟ್ ತಿಂಗಳಲ್ಲಿ ಜಹೀರಾಬಾದಿನ ನಮ್ಮ ಮನೆಯಲ್ಲಿ ಅಜ್ಜನವರು ಮತ್ತು ಕಾಕಾ ಒಂದೇ ಪಂಕ್ತಿಯಲ್ಲಿ ಕುಳಿತು ಊಟ ಮಾಡುವುದನ್ನು ಬಿಟ್ಟುಬಿಟ್ಟಿದ್ದರು. ಹೊತ್ತು ಮುಳುಗುವ ಮೊದಲೇ ಊಟ ಮುಗಿಯಬೇಕಾದ ಮನೆಯಲ್ಲಿ ಎರಡು ಪಂಕ್ತಿ ಬಡಿಸುವುದು ಎಷ್ಟು ಕಷ್ಟವೆಂಬುದನ್ನು ನಮ್ಮ ಓದುಗ ಸೋದರಿಯರಿಗೆ ಹೇಳಬೇಕಾಗಿಲ್ಲ. ಜಗಳ ಆಸ್ತಿಯದಲ್ಲ, ಅಂಗಡಿಯದೂ ಅಲ್ಲ. ದೆಹಲಿಯಲ್ಲಿ ಸ್ಪರ್ಧೆಗಿಳಿದವರಲ್ಲಿ ಯಾರು ಪ್ರಾಮಾಣಿಕರು, ಯಾರ ನಡತೆ ಶುದ್ಧ ಎಂಬುದರದು. ನಾವಾಗ ಶಾಲೆಗೆ ಹೋಗುವ ವಯಸ್ಸಿನವರು. ಅರ್ಥವಾದದ್ದು ಅರ್ಧ, ನೆನಪಿರುವುದು ಪೂರ್ತಿ.

ಈ ಜಗಳಕ್ಕೆ ನಮ್ಮ ಸೀಮೆಯಲ್ಲಿ ಒಂದು ವಿಶೇಷ ಕಾರಣವಿತ್ತು. 1956ರ ನವೆಂಬರ್ 1ರವರೆಗೆ ಜಹೀರಾಬಾದ್, ನಾರಾಯಣಖೇಡ ತಾಲೂಕುಗಳು ಬೀದರ ಜಿಲ್ಲೆಯಲ್ಲಿದ್ದವು, ತಾಂಡೂರು ಗುಲ್ಬರ್ಗಾ ಜಿಲ್ಲೆಯಲ್ಲಿತ್ತು. ರಾಜ್ಯಗಳ ಪುನರ್ವಿಂಗಡಣೆಯಾದ ಆ ದಿನ ನಾವು ಆಂಧ್ರಪ್ರದೇಶದವರಾದೆವು, ನಮ್ಮ ಬೀಗರು ನೆಂಟರು ಮೈಸೂರು ರಾಜ್ಯದವರಾದರು. ಈಚೆ ನಮಗೆ ಮೊದಲ ಮುಖ್ಯಮಂತ್ರಿಯಾದವರು ಶ್ರೀ ನೀಲಂ ಸಂಜೀವ ರೆಡ್ಡಿ. ಆಚೆ ಅವರಿಗೆ ಮುಖ್ಯಮಂತ್ರಿಯಾದವರು ಶ್ರೀ ಎಸ್. ನಿಜಲಿಂಗಪ್ಪ. ಹದಿಮೂರು ವರ್ಷಗಳ ನಂತರ ನಿಜಲಿಂಗಪ್ಪನವರು ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದರು, ರೆಡ್ಡಿಯವರು ಅದೇ ಪಕ್ಷದ ರಾಷ್ಟ್ರಪತಿ ಅಭ್ಯರ್ಥಿ. ಅಜ್ಜನವರ ದೃಷ್ಟಿಯಲ್ಲಿ ಇಬ್ಬರೂ ನಮ್ಮವರೇ. ಬಜಾರಿನಲ್ಲಿ ಎಲ್ಲರೂ ಹಾಗೆ ತಿಳಿಯುತ್ತಿರಲಿಲ್ಲ. ಆ ವರ್ಷ ಜೈ ತೆಲಂಗಾಣ ಚಳವಳಿಯ ಕಾವು. ವಾರಕ್ಕೆರಡು ಸಲ ಅಂಗಡಿಗಳ ಬಾಗಿಲು ಬೀಳುತ್ತಿದ್ದ ಕಾಲ. ಅನಂತಪುರ ಜಿಲ್ಲೆಯ ರೆಡ್ಡಿಯವರು ಅನೇಕರಿಗೆ ಪರಕೀಯರಾಗಿ ಕಂಡರು.

ಹಿನ್ನೆಲೆಯನ್ನು ಚುಟುಕಾಗಿ ಹೇಳುತ್ತೇವೆ. 1969ರ ಮೇ 3ರಂದು ರಾಷ್ಟ್ರಪತಿ ಡಾ. ಜಾಕಿರ್ ಹುಸೇನ್ ನಿಧನರಾದರು. ಜುಲೈನಲ್ಲಿ ಬೆಂಗಳೂರಿನ ಲಾಲ್‌ಬಾಗ್ ಗಾಜಿನಮನೆಯಲ್ಲಿ ಕಾಂಗ್ರೆಸ್ ಮಹಾಸಮಿತಿ ಸೇರಿತು. ಅಲ್ಲಿಯೇ ಪಕ್ಷದ ಸಂಸದೀಯ ಮಂಡಳಿಯು ಪ್ರಧಾನಿ ಇಂದಿರಾ ಗಾಂಧಿಯವರ ಇಷ್ಟಕ್ಕೆ ವಿರುದ್ಧವಾಗಿ ರೆಡ್ಡಿಯವರನ್ನು ಆರಿಸಿತು. ಜುಲೈ 19ರಂದು 14 ಬ್ಯಾಂಕುಗಳ ರಾಷ್ಟ್ರೀಕರಣವಾಯಿತು. ಮರುದಿನ ಉಪರಾಷ್ಟ್ರಪತಿ ಶ್ರೀ ವಿ.ವಿ. ಗಿರಿಯವರು ರಾಜೀನಾಮೆ ಕೊಟ್ಟು ಸ್ವತಂತ್ರರಾಗಿ ನಿಂತರು. ರೆಡ್ಡಿಯವರ ನಾಮಪತ್ರಕ್ಕೆ ಸೂಚಕರಾಗಿ ಸಹಿ ಹಾಕಿದ್ದ ಇಂದಿರಾ ಗಾಂಧಿಯವರೇ ಕೊನೆಗೆ ಸದಸ್ಯರು ಆತ್ಮಸಾಕ್ಷಿಯಂತೆ ಮತ ಹಾಕಲಿ ಎಂದರು.

ಅಜ್ಜನವರಿಗೆ ಇದು ನುಂಗಲಾರದ ತುತ್ತಾಯಿತು. ಹುಂಡಿಯ ಮೇಲೆ ಸಹಿ ಮಾಡಿ ಹಣ ಕೊಡುವ ದಿನ ಬಂದಾಗ ಆತ್ಮಸಾಕ್ಷಿಯ ಮಾತಾಡಿದರೆ ಪೇಟೆ ನಡೆಯುತ್ತದೆಯೇ ಎಂದು ಕೇಳುತ್ತಿದ್ದರು. ಕಾಕಾ ಸುಮ್ಮನಿರುವವರಲ್ಲ. ನಿಜಲಿಂಗಪ್ಪನವರು ಎರಡನೆಯ ಪ್ರಾಶಸ್ತ್ಯದ ಮತಕ್ಕಾಗಿ ಜನಸಂಘ, ಸ್ವತಂತ್ರ ಪಕ್ಷಗಳ ಬಾಗಿಲಿಗೆ ಹೋದದ್ದು ಯಾವ ಸತ್ಯಸಂಧತೆ ಎಂಬುದು ಅವರ ಎದುರುಪ್ರಶ್ನೆ. ಅವರಿಗೆ ಬ್ಯಾಂಕು ರಾಷ್ಟ್ರೀಕರಣ ಮನಸ್ಸಿಗೆ ಬಂದಿತ್ತು. ದೊಡ್ಡ ಗಿರಣಿಯವರಿಗೆ ಸಿಗುವ ಸಾಲ ಇನ್ನು ನಮ್ಮಂಥ ಸಣ್ಣ ಅಡತಿ ಅಂಗಡಿಗೂ ಸಿಗುತ್ತದೆಂದು ನಂಬಿದ್ದರು. ತಾಂಡೂರಿನಲ್ಲಿ ಫರ್ಸಿ ಕಲ್ಲಿನ ವ್ಯಾಪಾರವಿದ್ದ ಮಾಮಾ ಅವರದು ಮೂರನೆಯ ದಾರಿ. ಅವರು ಶ್ರೀ ಚಿಂತಾಮಣರಾವ್ ದೇಶಮುಖರ ಕಡೆ. ರಿಸರ್ವ್ ಬ್ಯಾಂಕಿನ ಮೊದಲ ಭಾರತೀಯ ಗವರ್ನರು; ಒಂದು ಕಾಲದಲ್ಲಿ ನೋಟುಗಳ ಮೇಲೆ ಅವರದೇ ಸಹಿ ಇರುತ್ತಿತ್ತು. “ಅವರ ಸಹಿ ನೋಡಿ ನಮ್ಮಪ್ಪ ಮಾಲು ಕೊಟ್ಟಾರ, ನಾ ಓಟು ಕೊಡಬಾರದೇನು?” ಎಂದು ಮಾಮಾ ನಗುತ್ತಿದ್ದರು. ಕೊಡಲು ಓಟೆಲ್ಲಿತ್ತು!

ಇಷ್ಟರವರೆಗೆ ಅದು ಮಾತಿನ ಜಗಳ. ಮನಸ್ಸು ಕೆಟ್ಟದ್ದು ಒಂದು ಕರಪತ್ರದಿಂದ. ಮತದಾನಕ್ಕೆ ಮುಂಚಿನ ದಿನಗಳಲ್ಲಿ ದೆಹಲಿಯಲ್ಲಿ ರೆಡ್ಡಿಯವರ ಖಾಸಗಿ ನಡತೆಯ ಬಗ್ಗೆ ಅತ್ಯಂತ ಹೀನ ಆರೋಪಗಳಿದ್ದ ಕಾಗದ ಸಂಸತ್ ಸದಸ್ಯರ ಕೈಗೆ ಬಂತು. ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ, ಅಚ್ಚಾದದ್ದೊಂದು, ಸೈಕ್ಲೋಸ್ಟೈಲ್ ಮಾಡಿದ್ದೊಂದು. ಮುದ್ರಕರ ಹೆಸರಿಲ್ಲ, ಪ್ರಕಾಶಕರ ಹೆಸರಿಲ್ಲ. ಅದರ ಪ್ರತಿ ನಮ್ಮೂರಿಗೆ ಬರಲಿಲ್ಲ, ಮಾತು ಬಂತು. ಹೈದರಾಬಾದಿಗೆ ಮಾಲು ತರಲು ಹೋಗಿದ್ದ ಕಾಕಾ ಅದನ್ನು ಕೇಳಿಕೊಂಡು ಬಂದು, ಹೆಂಗಸರು ಮಕ್ಕಳೆಲ್ಲ ಇದ್ದ ಪಡಸಾಲೆಯಲ್ಲಿ ಹೇಳಿದರು. ಅಜ್ಜನವರು ಕಿರ್ದಿ ಬರೆಯುತ್ತಿದ್ದವರು ಟಾಕು ಕೆಳಗಿಟ್ಟರು.

“ಅದಕ್ಕ ಯಾರ ಸಹಿ ಅದ?”

“ಸಹಿ ಇಲ್ಲಪ್ಪಾ. ಆದರ ಬೆಂಕಿ ಇಲ್ಲದ ಹೊಗಿ ಏಳತದೇನು?”

“ಸಹಿ ಇಲ್ಲದ ಚೀಟಿ ಮ್ಯಾಲ ನೀ ಒಂದು ಮಣ ತೊಗರಿ ಕೊಡ್ತೀಯೇನು?”

ಪಂಕ್ತಿ ಬೇರೆಯಾದದ್ದು ಆ ದಿನದಿಂದ.

ಆಗಸ್ಟ್ 16ರಂದು ಮತದಾನ, 20ರಂದು ಎಣಿಕೆ. ಆಗ ಆಂಧ್ರದ ಒಬ್ಬ ಶಾಸಕರ ಮತದ ಮೌಲ್ಯ 125, ಸಂಸತ್ ಸದಸ್ಯರದು 576. ಗೆಲ್ಲಲು 4,18,169 ಬೇಕಿತ್ತು. ಮೊದಲ ಎಣಿಕೆಯಲ್ಲಿ ಗಿರಿಯವರಿಗೆ 4,01,515, ರೆಡ್ಡಿಯವರಿಗೆ 3,13,548, ದೇಶಮುಖರಿಗೆ 1,12,769. ಯಾರಿಗೂ ಸಾಲಲಿಲ್ಲ. ಎರಡನೆಯ ಪ್ರಾಶಸ್ತ್ಯದ ಮತಗಳನ್ನು ಹಂಚಿದ ಮೇಲೆ ಗಿರಿಯವರು 4,20,077, ರೆಡ್ಡಿಯವರು 4,05,427. ಅಂತರ 14,650. ಸಂಸತ್ ಸದಸ್ಯರ ಲೆಕ್ಕದಲ್ಲಿ ಹೇಳುವುದಾದರೆ ಹದಿಮೂರು ಜನ ಈ ಕಡೆಯಿಂದ ಆ ಕಡೆಗೆ ಸರಿದಿದ್ದರೆ ಫಲಿತಾಂಶವೇ ಬೇರೆ. ಆ ಕಾಗದ ಓದಿ ಎಷ್ಟು ಮಂದಿ ಮನಸ್ಸು ಬದಲಿಸಿದರೆಂಬುದನ್ನು ಗುಪ್ತ ಮತದಾನದಲ್ಲಿ ಯಾವ ದೇವರೂ ಲೆಕ್ಕ ಹಾಕಲಾರ.

ಗಿರಿಯವರ ಆಯ್ಕೆಯನ್ನು ಪ್ರಶ್ನಿಸಿ ನಾಲ್ಕು ಅರ್ಜಿಗಳು ಸುಪ್ರೀಂ ಕೋರ್ಟಿಗೆ ಹೋದವು. ಐವರು ನ್ಯಾಯಮೂರ್ತಿಗಳ ಪೀಠ ವಿಚಾರಣೆ ನಡೆಸಿತು. ಅಧಿಕಾರದಲ್ಲಿದ್ದ ರಾಷ್ಟ್ರಪತಿಯವರು 1970ರಲ್ಲಿ ಸ್ವತಃ ನ್ಯಾಯಾಲಯಕ್ಕೆ ಬಂದು ಸಾಕ್ಷಿ ಹೇಳಿದರು, ಪಾಟೀಸವಾಲಿಗೆ ಉತ್ತರ ಕೊಟ್ಟರು. ಅದಕ್ಕೆ ಮೊದಲು ಯಾವ ರಾಷ್ಟ್ರಪತಿಯೂ ಹಾಗೆ ಮಾಡಿರಲಿಲ್ಲ. ಕರಪತ್ರ ಅಂಚೆಯ ಮೂಲಕವೂ ಸಂಸತ್ತಿನ ಸೆಂಟ್ರಲ್ ಹಾಲಿನಲ್ಲಿಯೂ ಹಂಚಲ್ಪಟ್ಟದ್ದು ನಿಜವೆಂದು ನ್ಯಾಯಾಲಯ ಕಂಡಿತು. ಆದರೆ ಗಿರಿಯವರ ಕೈವಾಡವಾಗಲಿ ಸಮ್ಮತಿಯಾಗಲಿ ಸಾಬೀತಾಗಲಿಲ್ಲವೆಂದು ಅರ್ಜಿಗಳನ್ನು ವಜಾ ಮಾಡಿತು. ಗಿರಿಯವರ ಮೇಲಿನ ಅಪವಾದಕ್ಕೆ ಒಂದು ತೀರ್ಪು ಸಿಕ್ಕಿತು. ರೆಡ್ಡಿಯವರ ಮೇಲಿನ ಅಪವಾದಕ್ಕೆ? ಬರೆದವನು ಯಾರೆಂದೇ ತಿಳಿಯದಿರುವಾಗ ಅದನ್ನು ಹಿಂದೆ ತೆಗೆದುಕೊಳ್ಳುವವರು ಯಾರು?

ಹಾಗಾದರೆ ಸಾರ್ವಜನಿಕ ಜೀವನದಲ್ಲಿರುವವರ ನಡತೆಯನ್ನು ಕೇಳಲೇಬಾರದೇ ಎಂದು ಕಾಕಾ ಆಗ ಕೇಳುತ್ತಿದ್ದರು. ಆ ಪ್ರಶ್ನೆ ತಪ್ಪಲ್ಲ. ಕೇಳಬೇಕು, ಕೇಳಿದ ಉದಾಹರಣೆಗಳು ನಮ್ಮ ಬಾಗಿಲಲ್ಲೇ ಇವೆ. ಇದೇ ಸಂಜೀವ ರೆಡ್ಡಿಯವರು ಮುಖ್ಯಮಂತ್ರಿಯಾಗಿದ್ದಾಗ ಕರ್ನೂಲಿನ ಬಸ್ ಮಾರ್ಗಗಳ ರಾಷ್ಟ್ರೀಕರಣದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಅವರ ಉದ್ದೇಶದ ಬಗ್ಗೆ ಪ್ರತಿಕೂಲ ಮಾತು ಬರೆಯಿತು. ಅವರು 1964ರಲ್ಲಿ ಪದವಿ ಬಿಟ್ಟರು. ಅಜ್ಜನವರ ಅಭಿಮಾನಕ್ಕೆ ಮೂಲ ಆ ರಾಜೀನಾಮೆಯೇ. ಕಾಕಾ ಅವರ ಸಂಶಯಕ್ಕೂ ಮೂಲ ಆ ತೀರ್ಪೇ. ಇನ್ನು ತಾಂಡೂರು. 1967ರಲ್ಲಿ ಅಲ್ಲಿಂದ ಗೆದ್ದು ಕೇಂದ್ರದಲ್ಲಿ ಮಂತ್ರಿಯಾದ ಡಾ. ಮರ್ರಿ ಚೆನ್ನಾರೆಡ್ಡಿಯವರ ಆಯ್ಕೆಯನ್ನು ಸೋತ ಅಭ್ಯರ್ಥಿ ಶ್ರೀ ವಂದೇಮಾತರಂ ರಾಮಚಂದ್ರರಾವ್ ಪ್ರಶ್ನಿಸಿದರು. ಅರ್ಜಿಯ ಕೆಳಗೆ ತಮ್ಮ ಹೆಸರು ಬರೆದರು, ಸಾಕ್ಷಿ ತಂದರು. ಚುನಾವಣಾ ಅಕ್ರಮ ನಡೆದಿದೆಯೆಂದು ಹೈಕೋರ್ಟು ಆಯ್ಕೆಯನ್ನು ರದ್ದುಮಾಡಿತು, 1968ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು, ಮಂತ್ರಿಗಿರಿ ಹೋಯಿತು. ಅದೇ ಚೆನ್ನಾರೆಡ್ಡಿಯವರು 1978ರಲ್ಲಿ ಮುಖ್ಯಮಂತ್ರಿಯೂ ಆದರೆಂಬುದು ಬೇರೆ ಮಾತು. ಜನ ತಿಳಿದೇ ಆರಿಸಿದರು.

2007ರಲ್ಲಿ ಶ್ರೀಮತಿ ಪ್ರತಿಭಾ ಪಾಟೀಲ್ ಮತ್ತು ಶ್ರೀ ಭೈರೋಂಸಿಂಗ್ ಶೇಖಾವತ್ ಎದುರಾದಾಗಲೂ ಎರಡೂ ಕಡೆಯಿಂದ ಕೆಸರು ಹಾರಿತು. ಆಗ ನಮ್ಮ ಪೇಟೆಯಲ್ಲಿ ಹೆಚ್ಚು ಚರ್ಚೆಯಾದದ್ದು ಜಳಗಾಂವಿನ ಮಹಿಳಾ ಸಹಕಾರಿ ಬ್ಯಾಂಕಿನ ವಿಷಯ. ಪಾಟೀಲರು ಸ್ಥಾಪಿಸಿದ್ದ ಆ ಬ್ಯಾಂಕಿನ ಪರವಾನಗಿಯನ್ನು ರಿಸರ್ವ್ ಬ್ಯಾಂಕು 2003ರಲ್ಲಿ ರದ್ದುಪಡಿಸಿತ್ತು. ಠೇವಣಿ ಇಟ್ಟವರ ಹಣದ ಬಗ್ಗೆ ಪ್ರಶ್ನೆ ಕೇಳುವುದು ವರ್ತಕರಾದ ನಮಗೆ ಸಹಜ. ದಾಖಲೆಯಿತ್ತು, ಉತ್ತರಿಸುವುದಕ್ಕೂ ಅವಕಾಶವಿತ್ತು. ಅಂಥ ಪ್ರಶ್ನೆಯನ್ನು ಪಕ್ಷದ್ವೇಷವೆಂದು ತಳ್ಳಿಹಾಕುವುದೂ ನ್ಯಾಯವಲ್ಲವೆಂದು ನಮ್ಮ ಅಭಿಪ್ರಾಯ.

ಇಲ್ಲಿ ನಮ್ಮದೇ ಒಂದು ತಪ್ಪನ್ನು ಹೇಳದೆ ಮುಂದೆ ಹೋಗುವುದು ಸರಿಯಲ್ಲ. ಈ ಮೂರು ಊರುಗಳಲ್ಲಿ ಒಂದರಲ್ಲಿ ಒಬ್ಬ ಅಡತಿ ವರ್ತಕರಿದ್ದರು. ಹೆಸರು, ಊರು, ವರ್ಷ ಬೇಡ. ತೊಗರಿ ಸುಗ್ಗಿಯ ನಡುವೆ ಅವರ ಕೈ ಸಡಿಲವಾಗಿದೆಯೆಂಬ ಮಾತು ಹುಟ್ಟಿತು. ಯಾರು ಹೇಳಿದರೆಂದು ಕೇಳಿದರೆ “ಎಲ್ಲಾರೂ ಅಂತಾರ್ರೀ” ಎಂಬ ಉತ್ತರ. ಅವರ ಹತ್ತಿರ ನಮ್ಮ ಎಂಟು ಸಾವಿರ ರೂಪಾಯಿ ಇತ್ತು. ನಾವೂ ಹೋದೆವು; ಬಹುಶಃ ಮೊದಲ ಐದಾರು ಜನರಲ್ಲಿ ನಾವೂ ಒಬ್ಬರು. ಅವರು ಬಡ್ಡಿಸಹಿತ ಎಣಿಸಿ ಕೊಟ್ಟು, “ಚಾ ಕುಡಿದು ಹೋಗ್ರಿ” ಎಂದರು. ಒಂದೇ ವಾರದಲ್ಲಿ ಎಲ್ಲರೂ ಬಂದದ್ದರಿಂದ, ಇಲ್ಲದ ದಿವಾಳಿ ಇದ್ದದ್ದಾಯಿತು. ಮನೆಯವರ ಒಡವೆ ಮಾರಿ ಕೊನೆಯ ರೂಪಾಯಿವರೆಗೆ ತೀರಿಸಿ ಅವರು ಊರು ಬಿಟ್ಟರು. ಯಾರಿಗೂ ಒಂದು ಪೈಸೆ ಮುಳುಗಲಿಲ್ಲ. ಆ ವರ್ಷ ಕ್ಷಮಾವಾಣಿಯ ದಿನ ಬಸದಿಯಲ್ಲಿ ಕೈಮುಗಿಯುತ್ತ ನಿಂತಾಗ ಕ್ಷಮೆ ಕೇಳಬೇಕಾದವರು ಅಲ್ಲಿ ಇರಲಿಲ್ಲ.

ಸತ್ಯಾಣುವ್ರತದ ಐದು ಅತಿಚಾರಗಳನ್ನು ಪಾಠಶಾಲೆಯಲ್ಲಿ ನಾವೆಲ್ಲ ಬಾಯಿಪಾಠ ಮಾಡಿದವರೇ. ಅವುಗಳಲ್ಲಿ ರಹೋಭ್ಯಾಖ್ಯಾನವೆಂದರೆ ಪರರ ಏಕಾಂತದ ಸಂಗತಿಯನ್ನು ಬಯಲು ಮಾಡುವುದು. ಕೂಟಲೇಖಕ್ರಿಯೆಯೆಂದರೆ ಸುಳ್ಳು ಬರಹ ಸೃಷ್ಟಿಸುವುದು. ಕೂಟಲೇಖವನ್ನು ನಾವು ಸುಳ್ಳು ಖೊಟ್ಟಿ ಲೆಕ್ಕಕ್ಕೆ ಮಾತ್ರ ಅನ್ವಯಿಸಿಕೊಂಡು ಬಂದಿದ್ದೇವೆ. 1969ರ ಕಾಗದದಲ್ಲಿ ಎರಡೂ ಒಟ್ಟಿಗೇ ಇದ್ದವು.

ಈಗಿನ ಮಾತು ಹೇಳುವುದಾದರೆ, 2022ರ ಜುಲೈನಲ್ಲಿ ಶ್ರೀಮತಿ ದ್ರೌಪದಿ ಮುರ್ಮು ಮತ್ತು ಶ್ರೀ ಯಶವಂತ ಸಿನ್ಹಾ ಸ್ಪರ್ಧಿಸಿದ್ದಾಗ ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಇಬ್ಬರ ಬಗ್ಗೆಯೂ ತಲೆಬುಡವಿಲ್ಲದ ಸಂದೇಶಗಳು ಬಂದವು. ಕಳಿಸಿದವರು ನಮ್ಮ ಮಕ್ಕಳು, ಅಳಿಯಂದಿರು, ಒಬ್ಬಿಬ್ಬರು ಹಿರಿಯರು ಕೂಡ. ನಾವು ಅಜ್ಜನವರ ಪ್ರಶ್ನೆಯನ್ನೇ ಬರೆದೆವು. ಬೆಂಗಳೂರಿನಲ್ಲಿರುವ ಮೊಮ್ಮಗಳು, “ಅಜ್ಜಾ, ಫಾರ್ವರ್ಡ್ ಮಾಡಿದ್ದಕ್ಕೆ ಸಹಿ ಎಲ್ಲಿಂದ ಬರಬೇಕು?” ಎಂದು ಉತ್ತರಿಸಿದಳು. ಅಂಗಡಿಗೆ ಬಂದ ಅಪರಿಚಿತನ ಚೆಕ್ಕನ್ನು ಹಾಗೆಯೇ ಮುಂದೆ ಸಾಗಿಸುತ್ತೀಯಾ ಎಂದು ಕೇಳಿದೆವು. ಉತ್ತರ ಇನ್ನೂ ಬಂದಿಲ್ಲ.

ಅಜ್ಜನವರು, ಕಾಕಾ ಆ ವರ್ಷದ ಕ್ಷಮಾವಾಣಿಗೆ ಒಂದೇ ಪಂಕ್ತಿಗೆ ಬಂದರು. ರಾಜಕೀಯದ ಮಾತು ಮಾತ್ರ ಮತ್ತೆಂದೂ ಆಡಲಿಲ್ಲ. ರೆಡ್ಡಿಯವರು ಅನಂತಪುರಕ್ಕೆ ಮರಳಿ ಬೇಸಾಯದಲ್ಲಿ ತೊಡಗಿದರು. 1977ರಲ್ಲಿ ಇಡೀ ಆಂಧ್ರದಲ್ಲಿ ಜನತಾ ಪಕ್ಷಕ್ಕೆ ಸಿಕ್ಕ ಒಂದೇ ಒಂದು ಲೋಕಸಭಾ ಸ್ಥಾನ ಅವರ ನಂದ್ಯಾಲ. ಜುಲೈನಲ್ಲಿ ರಾಷ್ಟ್ರಪತಿ ಚುನಾವಣೆ ಬಂದಾಗ ಹಂಗಾಮಿ ರಾಷ್ಟ್ರಪತಿಯಾಗಿದ್ದವರು ನಮ್ಮ ಕನ್ನಡನಾಡಿನ ಶ್ರೀ ಬಿ.ಡಿ. ಜತ್ತಿ. 37 ಜನ ನಾಮಪತ್ರ ಹಾಕಿದ್ದರು, 36 ತಿರಸ್ಕೃತವಾದವು. ರೆಡ್ಡಿಯವರು ಅವಿರೋಧವಾಗಿ ಆಯ್ಕೆಯಾದರು. ಎಂಟು ವರ್ಷದ ಹಿಂದಿನ ಕಾಗದದ ಮಾತನ್ನು ಆ ದಿನ ಬಜಾರಿನಲ್ಲಿ ಯಾರೂ ಎತ್ತಲಿಲ್ಲ. ಅಜ್ಜನವರು ಆಗ ಇರಲಿಲ್ಲ. ಕಾಕಾ ರೇಡಿಯೋದಲ್ಲಿ ವಾರ್ತೆ ಪೂರ್ತಿ ಕೇಳಿ, ಅಜ್ಜನವರ ಹಳೆಯ ಕಿರ್ದಿ ಪುಸ್ತಕ ಇಟ್ಟಿದ್ದ ಕಪಾಟಿನ ಕಡೆ ಒಮ್ಮೆ ನೋಡಿ, ಟೋಪಿ ಹಾಕಿಕೊಂಡು ಅಂಗಡಿಗೆ ಹೋದರು.